ಮಾಸ್ಕ್ ಬೇಡ ಅಂದವಳು ನಾನು

ಚೆನ್ನೈನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು ನಾನು. ಅಪ್ಪ ರೈಲ್ವೆಯಲ್ಲಿದ್ದರು, ತಾಂಬರಂನಲ್ಲೇ ಬೆಳೆದೆ. ಮನೆಯಲ್ಲಿ ಮೈಸೂರು ಕಡೆಯ ಕನ್ನಡ. ಕಾಲೇಜಿನಲ್ಲಿ ಪಾಠಕ್ಕೆ ಇಂಗ್ಲಿಷ್, ಬೈಯೋದಕ್ಕೆ ತಮಿಳು. ಅಲ್ಲಿ ಕನ್ನಡ ಆಡೋಕೆ ಯಾರೂ ಇರಲಿಲ್ಲ, ಆ ಹುಡುಗಿ ಸೇರುವ ತನಕ.

ಅವಳ ಅಪ್ಪ ಉಡುಪಿ ಕಡೆಯವರು, ಗಿಂಡಿಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು. ಹುಡುಗಿ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ನಕ್ಕು ತಮಿಳಿನಲ್ಲಿ ಉತ್ತರ ಕೊಡೋಳು. ಸಣ್ಣ ಜೀವ. ಯೂನಿಫಾರಂ ಬೆಲ್ಟಿಗೆ ತಾನೇ ಒಂದು ತೂತು ಹೆಚ್ಚಾಗಿ ಮಾಡಿಕೊಂಡಿದ್ದಳು. ಬೆಳಿಗ್ಗೆ ಆರೂವರೆಗೆ ಹಾಸ್ಟೆಲ್ ಬಿಡಬೇಕು, ಮೆಸ್ ತೆರೆಯೋದು ಏಳಕ್ಕೆ. ತಿಂಡಿ ತಿನ್ನದೆ ಡ್ಯೂಟಿಗೆ ಬರೋದು ಆ ಹುಡುಗಿಯರಿಗೆಲ್ಲ ರೂಢಿಯಾಗಿತ್ತು. ನಮಗೂ ಗೊತ್ತಿತ್ತು. ನಾವೂ ಹಾಗೇ ಓದಿದವರು.

ಎರಡನೇ ವರ್ಷ ಅವಳನ್ನು ಹೆಂಗಸರ ಜನರಲ್ ವಾರ್ಡಿಗೆ ಹಾಕಿದೆ. ಅಲ್ಲಿ ಮೂಲೆಯ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳು. ನ್ಯುಮೋನಿಯಾ ಅಂತ ಕೇಸ್ ಶೀಟಿನಲ್ಲಿ ಬರೆದಿತ್ತು. ನೋಡಿಕೊಳ್ಳೋಕೆ ಮನೆಯವರು ಯಾರೂ ಬರುತ್ತಿರಲಿಲ್ಲ. ಹುಡುಗಿಯೇ ಅವಳನ್ನು ಎಬ್ಬಿಸಿ ಕೂರಿಸಿ, ಬೆನ್ನು ತಟ್ಟಿ, ಕಫ ಉಗುಳಿಸೋಳು. ಗಂಜಿ ಕುಡಿಸೋಳು. ಆ ವಾರ್ಡಿಗೆ ಹಿಂದಿನ ಬೇಸಿಗೆಯಲ್ಲಷ್ಟೇ ಎಸಿ ಹಾಕಿದ್ದರು. ಮೊದಲು ಎರಡೂ ಕಡೆಯಿಂದ ಗಾಳಿ ಆಡುತ್ತಿತ್ತು. ಈಗ ಕಿಟಕಿಗಳಿಗೆಲ್ಲ ಸ್ಕ್ರೂ ಹೊಡೆದು ಮುಚ್ಚಿದ್ದರು. ತಂಪಾಯಿತಲ್ಲ ಅಂತ ನಾವೆಲ್ಲ ಖುಷಿಪಟ್ಟಿದ್ದೆವು.

ಮೂರನೇ ದಿನವೋ ನಾಲ್ಕನೇ ದಿನವೋ ಅವಳು ನನ್ನ ಹತ್ತಿರ ಬಂದು ತಮಿಳಿನಲ್ಲಿ ಕೇಳಿದಳು, "ಮೇಡಂ, ಆ ಅಜ್ಜಿ ತುಂಬ ಕೆಮ್ಮುತ್ತಾರೆ. ಎನ್-೯೫ ಒಂದು ಸಿಗುತ್ತಾ?"

ಆ ಮಾಸ್ಕು ಎದೆ ರೋಗದ ವಾರ್ಡಿಗೆ ಮಾತ್ರ ಬರುತ್ತಿತ್ತು. ಅದೂ ಎಣಿಸಿ, ಬೀಗ ಹಾಕಿದ ಕಪಾಟಿನಲ್ಲಿ. ಬೇಕೆಂದರೆ ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಹೋಗಿ ಕಾರಣ ಹೇಳಬೇಕು. ಕೊರೋನಾ ಮುಗಿದ ಮೇಲೆ ಮಾಸ್ಕಿನ ಮಾತೆತ್ತಿದರೆ ಎಲ್ಲರಿಗೂ ರೇಜಿಗೆ.

"ಇದು ಜನರಲ್ ವಾರ್ಡು ಕಣಮ್ಮ, ಇಲ್ಲಿ ಅದೆಲ್ಲ ಬೇಡ," ಅಂದೆ. "ಮುಖ ಮುಚ್ಚಿಕೊಂಡು ಹೋದರೆ ಆ ಅಜ್ಜಿಗೆ ಎಷ್ಟು ಬೇಜಾರಾಗತ್ತೆ ಯೋಚನೆ ಮಾಡು."

"ಸರಿ ಮೇಡಂ," ಅಂದು ಹೊರಟುಹೋದಳು.

ಅಪಾಯ ಎದೆ ರೋಗದ ವಾರ್ಡಿನಲ್ಲಿ ಅಷ್ಟಿಲ್ಲ, ಅಲ್ಲಿರುವವರು ಆಗಲೇ ಮಾತ್ರೆ ತಿನ್ನುತ್ತಿರುತ್ತಾರೆ, ಅಪಾಯ ಇರೋದು ಇನ್ನೂ ಯಾರೂ ಕಂಡುಹಿಡಿಯದ ಕೆಮ್ಮಿನಲ್ಲಿ ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟವಳೂ ನಾನೇ. ಸೋಂಕು ಅಂಟೋಕೆ ಕಾರಣಗಳನ್ನೂ ಬರೆಸಿದ್ದೆ: ಮುಚ್ಚಿದ ಕೋಣೆ, ಹೊಟ್ಟೆಗೆ ಸಾಲದ ಊಟ, ನಿದ್ದೆಗೇಡು, ರೋಗಿಯ ಬಳಿ ಕಳೆಯುವ ಹೊತ್ತು. ಇಂಟರ್ನಲ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟಿದ್ದೆ. ಅವಳು ಚೆನ್ನಾಗಿಯೇ ಬರೆದಿದ್ದಳು.

ಅಜ್ಜಿಯ ಕಫ ಪರೀಕ್ಷೆಯ ರಿಪೋರ್ಟು ಬಂದದ್ದು ಹುಡುಗಿ ವಾರ್ಡಿಗೆ ಬಂದ ಹನ್ನೊಂದನೇ ದಿನ. ಕ್ಷಯ, ಅದೂ ಮಾಮೂಲಿ ಔಷಧಕ್ಕೆ ಬಗ್ಗದ ಕ್ಷಯ. ಅಜ್ಜಿಯನ್ನು ಬೇರೆ ಆಸ್ಪತ್ರೆಗೆ ಕಳಿಸಿದರು, ಹಾಸಿಗೆ ಒರೆಸಿದರು. ವಿದ್ಯಾರ್ಥಿನಿಯರನ್ನು ಪರೀಕ್ಷೆ ಮಾಡಿಸಬೇಕು ಅಂತ ನನಗೆ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಯಾರಾದರೂ ಹೇಳಲಿ ಅಂತ ಕಾದೆ. ಯಾರೂ ಹೇಳಲಿಲ್ಲ.

ಆರೇಳು ತಿಂಗಳಾದ ಮೇಲೆ ಆ ಹುಡುಗಿ ಕೆಮ್ಮೋಕೆ ಶುರುಮಾಡಿದಳು. ಸಂಜೆ ಸಂಜೆ ಜ್ವರ. ಪರೀಕ್ಷೆಗೆ ನಿದ್ದೆಗೆಟ್ಟು ಓದುತ್ತಿದ್ದಾಳೆ, ಅದಕ್ಕೇ ಇಳಿದುಹೋಗಿದ್ದಾಳೆ ಅಂದುಕೊಂಡೆ. ಒಮ್ಮೆ ಕೇಳಿಯೂ ಕೇಳಿದೆ. "ಒಣ್ಣುಂ ಇಲ್ಲ ಮೇಡಂ," ಏನೂ ಇಲ್ಲ, ಅಂದಳು. ರಜೆ ಹಾಕಿದರೆ ಹಾಜರಿ ಕಡಿಮೆಯಾಗುತ್ತದೆ ಅನ್ನೋ ಭಯ ಅವಳಿಗೆ. ಕಫದಲ್ಲಿ ರಕ್ತ ಕಂಡ ದಿನ ಅವಳ ರೂಮಿನ ಹುಡುಗಿಯರು ಓಡಿಬಂದು ನನಗೆ ಹೇಳಿದರು. ಪರೀಕ್ಷೆಯಲ್ಲಿ ಅವಳಿಗೂ ಅದೇ ಕ್ಷಯ ಅಂತ ಬಂತು.

ಅವಳ ಅಪ್ಪ ಹೋಟೆಲಿನಿಂದ ನೇರವಾಗಿ ಬಂದಿದ್ದರು, ಮೈಯಲ್ಲಿ ಇನ್ನೂ ಒಗ್ಗರಣೆಯ ವಾಸನೆ. ಎಕ್ಸ್‌ರೇ ಕೈಯಲ್ಲಿ ಹಿಡಿದು ನಿಂತಿದ್ದರು.

"ಮೇಡಂ, ನಮ್ಮ ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಇವಳಿಗೆ ಎಲ್ಲಿಂದ ಬಂತು?"

"ವಾರ್ಡಿಂದ ಬಂದಿರಬೇಕು," ಅಂದೆ.

"ನೀವೆಲ್ಲ ಅಲ್ಲೇ ಇರ್ತೀರಲ್ಲ. ನಿಮಗೆ ಎಂತದೂ ಆಗ್ಲಿಲ್ವಾ?"

ಚುಚ್ಚಿ ಕೇಳಿದ ಮಾತಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದರು.

ಆಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಸೋಂಕು ನನ್ನೊಳಗೂ ಇತ್ತು, ರೋಗವಾಗದೆ ಸುಮ್ಮನೆ ಮಲಗಿತ್ತು. "ಇಷ್ಟು ವರ್ಷ ವಾರ್ಡಿನಲ್ಲಿ ಇದ್ದೀರಲ್ಲ, ಇದ್ದೇ ಇರತ್ತೆ," ಅಂದರು ಡಾಕ್ಟರು. ಮುನ್ನೆಚ್ಚರಿಕೆಗೆ ಅಂತ ಕೊಟ್ಟ ಮಾತ್ರೆ ನುಂಗಿದೆ. ನನಗೇನೂ ಆಗಲಿಲ್ಲ.

ಅವಳ ಮಾತ್ರೆಗಳು ಬೇರೆ. ತಿಂಗಳುಗಟ್ಟಲೆ ತಿಂದಳು. ಚರ್ಮ ಕಪ್ಪಾಯಿತು, ಅಂಗಾಲು ಉರಿ ಶುರುವಾಯಿತು, ಮೆಟ್ಟಿಲ ಮೇಲೆ ಕಾಲಿಟ್ಟರೂ ಇಟ್ಟದ್ದು ಗೊತ್ತಾಗದ ಹಾಗಾಯಿತು. ಈ ನಡುವೆ ವಿಷಯ ಅವಳ ಅಪ್ಪನ ಹೋಟೆಲಿಗೂ ತಲುಪಿತು. ಧಣಿ ಬೈಯಲಿಲ್ಲ, ಕೆಲಸ ಬಿಡಿ ಅಂತಲೂ ಅನ್ನಲಿಲ್ಲ. "ಅಡುಗೆಮನೆ ಅಲ್ವಾ, ಸ್ವಲ್ಪ ದಿನ ಮನೆಯಲ್ಲಿರಿ," ಅಂದರಂತೆ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕೊನೆಗೆ ಅವಳ ಅಪ್ಪ ಮಣಲಿಯ ಒಂದು ಕಾರ್ಖಾನೆ ಕ್ಯಾಂಟೀನಿನಲ್ಲಿ ಕೆಲಸ ಹಿಡಿದು, ಸಂಸಾರವನ್ನು ಅಲ್ಲಿಗೇ ಸಾಗಿಸಿದರು.

ವಾರ್ಡಿನ ಕಿಟಕಿ ತೆಗೆಸಿ, ಮಾಸ್ಕು ಕೊಡಿ, ಹುಡುಗಿಯರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಅಂತ ನಾನು ಪತ್ರ ಬರೆದೆ. ಎಸಿ ಇರುವ ಕಡೆ ಕಿಟಕಿ ತೆಗೆಯುವಂತಿಲ್ಲ ಅಂತ ಒಂದಕ್ಕೆ ಉತ್ತರ ಬಂತು. ಉಳಿದವು ಪರಿಶೀಲನೆಯಲ್ಲಿವೆ. ಈಗಿನ ಬ್ಯಾಚಿನವರಿಗೆ ಮಾಸ್ಕ್ ಹಾಕಿಕೊಳ್ಳಿ ಅಂತ ನಾನೇ ಹೇಳುತ್ತೇನೆ. ಬೀದಿ ಬದಿ ಸಿಗುವ ಬಟ್ಟೆಯದನ್ನು ಹಾಕಿಕೊಂಡು ಬರುತ್ತಾರೆ. ಅದು ಕ್ಷಯವನ್ನು ತಡೆಯೋದಿಲ್ಲ ಅಂತ ಅವರಿಗೂ ಗೊತ್ತು.

ಚಿಕಿತ್ಸೆ ಮುಗಿದ ಮೇಲೆ ಅವಳು ಮತ್ತೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟಳು. ರೋಗ ಗುಣವಾಗಿದೆ, ಆದರೆ ಎಡ ಶ್ವಾಸಕೋಶದ ಮೇಲ್ಭಾಗ ಸುರುಟಿಹೋಗಿದೆ, ವಾರ್ಡ್ ಡ್ಯೂಟಿ ತಡೆಯಲಾರಳು ಅಂತ ಕಾಲೇಜಿನವರು ತಿರಸ್ಕರಿಸಿದರು. ಕಾಗದದಲ್ಲಿ ತಿಳಿಯೋದು ಬೇಡ ಅಂತ ನಾನೇ ಮಣಲಿಗೆ ಹೋದೆ. ಎರಡನೇ ಮಹಡಿಯಲ್ಲಿ ಮನೆ. ಕಾರ್ಖಾನೆಗಳ ಗಂಧಕದ ವಾಸನೆ ಕೋಣೆಯೊಳಗೂ ಇತ್ತು. ನೀರು ತಂದುಕೊಟ್ಟು ಕೂರುವಷ್ಟರಲ್ಲಿ ಅವಳಿಗೆ ಏದುಸಿರು ಹತ್ತಿತು.

ಹೇಳೋಕೆ ಒಂದು ನಿಮಿಷವೂ ಬೇಕಾಗಲಿಲ್ಲ.

"ತೆರಿಯುಂ ಮೇಡಂ," ಗೊತ್ತು, ಅಂದಳು.

"ಅವತ್ತು ನೀನು ಮಾಸ್ಕ್ ಕೇಳಿದ್ದೆ," ಅಂದೆ.

ಅವಳು ಮೊದಲ ಸಲ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದಳು. "ನಂಗೆ ನೆನಪಿಲ್ಲ ಮೇಡಂ."

ನಿಜವೋ, ನನಗಾಗಿ ಹೇಳಿದ ಸುಳ್ಳೋ, ತಿಳಿಯಲಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಹೊರಡುವಾಗ ಅವಳ ಅಮ್ಮ ಮೆಟ್ಟಿಲ ತನಕ ಬಂದರು. "ಕೂತು ಮಾಡುವ ಕೆಲಸ ಎಲ್ಲಾದ್ರೂ ಉಂಟಾ ನೋಡಿ ಮೇಡಂ. ಕ್ಲಿನಿಕ್‌ನಲ್ಲಿ ಫೋನ್ ತೆಗೆಯುವಂಥದ್ದು ಆದ್ರೂ ಸಾಕು." ನೋಡ್ತೀನಿ ಅಂದೆ. ಪರಿಚಯದ ಮೂರು ಕಡೆ ಕೇಳಿದೆ. ಕೋರ್ಸ್ ಯಾಕೆ ಅರ್ಧಕ್ಕೆ ಬಿಟ್ಟಳು ಅಂತ ಮೂವರೂ ಕೇಳಿದರು, ಇದ್ದದ್ದು ಹೇಳಿದೆ. ತಿಳಿಸ್ತೀವಿ ಅಂದರು. ಅವರೆಲ್ಲ ಡಾಕ್ಟರುಗಳೇ. ಇಷ್ಟನ್ನು ಅವಳ ಅಮ್ಮನಿಗೆ ಫೋನ್ ಮಾಡಿ ಹೇಳಬೇಕು. ನಾಳೆ ಮಾಡೋಣ, ನಾಳೆ ಮಾಡೋಣ ಅಂತಲೇ ನಾಲ್ಕು ತಿಂಗಳಾಯಿತು.