ಕೂಸು ಯಾವ ಊರಿನ ಲೆಕ್ಕಕ್ಕೆ

ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಕಲಿಸಿ ಮುದುಕಿಯಾದವಳು ನಾನು. ಇಂಡಿ, ಮುದ್ದೇಬಿಹಾಳ ಎಂದು ವರ್ಗವಾದಲ್ಲೆಲ್ಲ ಹೋಗಿ, ಕೊನೆಗೆ ಬಸವನ ಬಾಗೇವಾಡಿಯಲ್ಲಿ ನಿವೃತ್ತಳಾಗಿ ಅಲ್ಲೇ ಮನೆ ಮಾಡಿಕೊಂಡೆ. ಮಂದಿ ಸುಳ್ಳು ಹೇಳುತ್ತಾರೆ, ಲೆಕ್ಕ ಸುಳ್ಳು ಹೇಳುವುದಿಲ್ಲ ಎಂದು ತರಗತಿಯಲ್ಲಿ ದಿನಾ ಒದರುತ್ತಿದ್ದೆ. ಅದೇ ಸೊಕ್ಕಿನಲ್ಲಿ ಅಣ್ಣನ ಮಗಳಿಗೆ ಒಂದು ಮಾತು ಹೇಳಿಬಿಟ್ಟೆ.

ನನ್ನ ತವರು ಸಿಂದಗಿ ತಾಲೂಕಿನ ಕನ್ನೊಳ್ಳಿ. ಅಣ್ಣನ ಮಗಳು ಹುಟ್ಟಿ ಬೆಳೆದದ್ದೂ ಅಲ್ಲೇ. ಅವಳನ್ನು ಕೊಟ್ಟ ಊರಿನ ಹೆಸರು ಇಲ್ಲಿ ಬೇಡ. ಆ ಮನೆಯ ಹಿತ್ತಲ ಬಾಗಿಲು ತೆರೆದರೆ ಒಂದು ಹಳ್ಳ, ಹಳ್ಳದ ಆಚೆ ಊರ ಕಸವನ್ನೆಲ್ಲ ತಂದು ಸುರಿದ ಗುಡ್ಡ. ಆ ಗುಡ್ಡ ವರ್ಷವಿಡೀ ಒಳಗೊಳಗೇ ಉರಿಯುತ್ತದೆ. ಒಣಹಾಕಿದ ಸೀರೆಗೂ ಬಡಿದ ರೊಟ್ಟಿಗೂ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೊದಲ ಸಲ ಹೋದಾಗ ನಾನು ಮೂಗಿಗೆ ಸೆರಗು ಹಿಡಿದೇ ಊಟಕ್ಕೆ ಕೂತಿದ್ದೆ. ಬೀಗರಿಗೆ ಸಿಟ್ಟು ಬಂದಿತ್ತು.

ಅವಳ ಮೊದಲ ಕೂಸು ದಿನ ತುಂಬದೆ ಹುಟ್ಟಿ, ಮೂರೇ ದಿನ ಇದ್ದು ಹೋಯಿತು. ಎರಡನೆಯ ಸಲ ಬಸುರಿಯಾಗಿ ಮೂರು ತಿಂಗಳಾದಾಗ ಗಂಡ ಹೆಂಡತಿ ಇಬ್ಬರೂ ಬಾಗೇವಾಡಿಗೆ ನನ್ನ ಮನೆಗೆ ಬಂದರು. ಅವಳ ಕೈಚೀಲದಲ್ಲಿ ಒಂದು ವರದಿ ಇತ್ತು. ಕಸದ ಗುಡ್ಡದ ಹೊಗೆಯಿಂದ ಬಸುರಿಯರಿಗೆ, ಹುಟ್ಟುವ ಕೂಸುಗಳಿಗೆ ಅಪಾಯ ಇದೆಯೇ ಎಂದು ಯಾರೋ ಮಾಡಿದ ಅಧ್ಯಯನ, ಓಣಿಯಲ್ಲೆಲ್ಲ ಹಂಚಿದ್ದರಂತೆ. ಅಪಾಯ ಕಂಡುಬಂದಿಲ್ಲ ಎಂದು ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿತ್ತು.

“ಅತ್ತಿ, ನೀ ಓದಿ ಹೇಳು. ಇದು ಖರೇ ಇದ್ರ ಅಲ್ಲೇ ಇರ್ತೇನಿ. ಸುಳ್ಳಿದ್ರ ಇವತ್ತ ಕನ್ನೊಳ್ಳಿಗೆ ಹೋಗಿ, ಹಡಿಯೂತನಕಾ ಅಲ್ಲೇ ಕೂಡ್ತೇನಿ,” ಅಂದಳು.

ಅಳಿಯ ನೆಲ ನೋಡುತ್ತ, “ಚೊಚ್ಚಲದ್ದು ತವರಮನ್ಯಾಗ ಆತು, ಎರಡನೇದು ನಮ್ಮನ್ಯಾಗ ಆಗಬೇಕಂತ ನಮ್ಮವ್ವ ಹಟಾ ಹಿಡದಾಳ್ರಿ. ಆದ್ರ ನೀವು ಓದಿದವ್ರು. ನಿಮ್ಮ ಮಾತು ಆಕಿನೂ ಕೇಳ್ತಾಳ್ರಿ,” ಅಂದ.

ಕೆಂಪು ಪೆನ್ನು ಹಿಡಿದು ಎರಡು ದಿನ ಕೂತೆ. ಉತ್ತರಪತ್ರಿಕೆ ತಿದ್ದಿದ ಹಾಗೆ ಸಾಲು ಸಾಲಾಗಿ ತಿದ್ದಿದೆ. ಕೂಡಿಸಿದ್ದು ಸರಿ, ಶೇಕಡಾ ತೆಗೆದದ್ದು ಸರಿ. ಗುಡ್ಡದ ಹತ್ತಿರದ ಓಣಿಗಳು ಒಂದು ಕಡೆ, ಹೊಗೆ ಸೋಕದ ದೂರದ ಹಳ್ಳಿಗಳು ಇನ್ನೊಂದು ಕಡೆ. ತಾಯಂದಿರ ವಯಸ್ಸು, ಬಡತನ, ಕುಡಿಯುವ ನೀರು ಎಲ್ಲ ಹೊಂದಿಸಿ ನೋಡಿದ್ದರು. ದಿನ ತುಂಬದೆ ಹುಟ್ಟಿದ ಕೂಸೆಷ್ಟು, ಸತ್ತದ್ದೆಷ್ಟು ಎಂಬುದನ್ನು ಬಾಯಿಮಾತಿನಿಂದ ತೆಗೆದಿರಲಿಲ್ಲ. ಆಯಾ ಊರಿನ ಆಶಾ ಕಾರ್ಯಕರ್ತೆಯರು ಹೆರಿಗೆ ಬರೆದಿಡುವ ಪುಸ್ತಕಗಳಿಂದಲೇ ಎತ್ತಿದ್ದರು. ಸತ್ತ ಕೂಸುಗಳು ದೂರದ ಹಳ್ಳಿಗಳಲ್ಲೇ ತುಸು ಹೆಚ್ಚು. ಆ ಹಳ್ಳಿಗಳ ಪಟ್ಟಿಯಲ್ಲಿ ನಮ್ಮ ಕನ್ನೊಳ್ಳಿಯೂ ಇತ್ತು. ತವರಿನ ಹೆಸರು ಅಚ್ಚಾದದ್ದು ಕಂಡು ನನಗೆ ಖುಷಿಯೇ ಆಯಿತು, ಹಾಳು ಬುದ್ಧಿ!

ಫೋನು ಮಾಡಿ, “ಹೆದರಬ್ಯಾಡವ್ವಾ, ಲೆಕ್ಕ ಸರಿ ಐತಿ. ಅಲ್ಲೇ ಇರು,” ಅಂದೆ.

“ಹೊಗಿ ಭಾಳ ಬರ್ತೈತಿ ಅತ್ತಿ.”

“ಬಂದ್ರ ಕಿಡಕಿ ಮುಚ್ಚಕೋ. ವಾಸನಿಗೆ ಯಾರೂ ಸತ್ತಿಲ್ಲ.”

ಹಾಗೇ ಅಂದೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಅಲ್ಲೇ ಉಳಿದಳು.

ಅವಳಿಗೆ ಆರು ತಿಂಗಳಾಗಿದ್ದಾಗ ನಾನು ಕನ್ನೊಳ್ಳಿಗೆ ಹೋಗಿದ್ದೆ. ಅಣ್ಣನ ಮನೆಯ ಕಟ್ಟೆಯ ಮೇಲೆ ನಮ್ಮೂರ ಆಶಾ ಕಾರ್ಯಕರ್ತೆ ಚಹಾ ಕುಡಿಯುತ್ತ ಕೂತಿದ್ದಳು. ನಾನು ದೊಡ್ಡಸ್ತಿಕೆಯಿಂದ, “ನಿನ್ನ ಪುಸ್ತಕದಾಗಿಂದು ವರದಿಯೊಳಗ ಬಂದೈತಲ್ಲ, ನಾ ಓದೇನಿ,” ಅಂದೆ.

“ಹೌದ್ರಿ ಅಕ್ಕಾರ, ಬಂದು ಬರಕೊಂಡು ಹ್ವಾದ್ರು. ನಿಮ್ಮ ಹುಡುಗಿ ಚೊಚ್ಚಲ ಕೂಸಿಂದೂ ನನ್ನ ಪುಸ್ತಕದಾಗ ಐತ್ರಿ. ಇಲ್ಲೇ ಬಂದು ಹಡದಿತ್ತಲ್ರಿ, ಪಾಪ.”

ಆಗ ಲೆಕ್ಕ ಹಾಕಿ ನೋಡಿದೆ. ಆ ಕೂಸು ತಾಯಿಯ ಹೊಟ್ಟೆಯಲ್ಲಿ ಏಳು ತಿಂಗಳು ಇದ್ದದ್ದು ಗುಡ್ಡದ ಹೊಗೆಯಲ್ಲಿ. ಸೀಮಂತದ ಕುಬಸ ಮಾಡಿ ಇಲ್ಲಿಗೆ ಕರೆತಂದ ಮೇಲೆ ಇಲ್ಲಿ ಹುಟ್ಟಿತು, ಇಲ್ಲಿ ಸತ್ತಿತು. ವರದಿಯಲ್ಲಿ ಅದು ಹೊಗೆ ಸೋಕದ ಹಳ್ಳಿಯ ಸಾವು. ಅದೊಂದೇ ಏನು? ಗುಡ್ಡದ ಓಣಿಯ ಸೊಸೆಯಂದಿರೆಲ್ಲ ಚೊಚ್ಚಲಿಗೆ ತಂತಮ್ಮ ತವರಿಗೆ ಹೋಗುವವರೇ. ಆ ಓಣಿಗೆ ಹೆರಿಗೆಗೆ ಬರುವವರು ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು, ಅಷ್ಟೂ ತಿಂಗಳು ಒಳ್ಳೆಯ ಗಾಳಿ ಕುಡಿದು ಬಂದವರು. ಹೆತ್ತ ಊರನ್ನು ಬರೆದುಕೊಂಡು, ಬಸುರಿಯಾಗಿ ಬದುಕಿದ ಊರನ್ನು ಯಾರೂ ಕೇಳಿರಲಿಲ್ಲ. ಅಧ್ಯಯನ ಮಾಡಿದವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ ಅನ್ನೋಣ. ನನಗೆ? ಆ ಕುಬಸದ ಹಸಿರು ಸೀರೆ ಉಡಿಸಿದವಳೇ ನಾನು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕಲೂ ಇಲ್ಲ.

ಮರುದಿನ ಮುಂಜಾನೆಯೇ ಸಿಂದಗಿಯಲ್ಲಿ ಬಸ್ಸು ಬದಲಿಸಿ ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು. ಅವಳ ಅತ್ತೆಯ ಎದುರಿಗೇ ಎಲ್ಲ ಹೇಳಿ, “ನಾ ತಪ್ಪು ಓದೇನವ್ವಾ,” ಅಂದೆ.

ಆ ಅತ್ತೆ ಸೊಂಟದ ಮೇಲೆ ಕೈಯಿಟ್ಟು, “ಅವತ್ತ ಏನೂ ಇಲ್ಲ ಅಂದ್ರಿ, ಇವತ್ತ ಐತಿ ಅಂತೀರಿ. ನಿಮ್ಮ ಮಾತಿಗೆ ತಳಾ ಐತೇನ್ರಿ ಅಕ್ಕಾರ?” ಎಂದು ಕೇಳಿದಳು. ತಪ್ಪೇನೂ ಇರಲಿಲ್ಲ ಅವಳದು.

ಅಣ್ಣನ ಮಗಳು ಹಿಟ್ಟಿನ ಕೈ ಎತ್ತದೆ ಕೇಳಿದಳು: “ಅಂದ್ರ ನನ್ನ ಕೂಸು ಈ ಹೊಗಿಯಿಂದ ಸತ್ತಿತೇನ ಅತ್ತಿ?”

“ಗೊತ್ತಿಲ್ಲ. ಆ ವರದಿ ಅದನ್ನ ಹೇಳೂದಿಲ್ಲ. ಏನೂ ಆಗೂದಿಲ್ಲ ಅಂತನೂ ಹೇಳೂದಿಲ್ಲ. ಅದರಾಗ ಏನೂ ಇಲ್ಲ.”

ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಆಮೇಲೆ, “ಹಂಗಾದ್ರ ನಾ ಇಲ್ಲೇ ಹಡಿತೇನಿ. ಏನರ ಹೆಚ್ಚುಕಡಿಮಿ ಆದ್ರ ಈ ಊರ ಪುಸ್ತಕದಾಗ ಬರೀಲಿ. ಒಂದರ ಖರೇ ಲೆಕ್ಕಕ್ಕ ಬರ್ಲಿ,” ಅಂದಳು.

“ಹುಚ್ಚೀ! ಲೆಕ್ಕಕ್ಕ ಯಾರರ ಕೂಸು ಕೊಡ್ತಾರೇನ? ಏಳು ಮ್ಯಾಲ!” ಎಂದು ಚೀರಿದೆ. ಅವಳ ಸೀರೆಗಳನ್ನು ನಾನೇ ಚೀಲಕ್ಕೆ ತುರುಕಿ, ರಟ್ಟೆ ಹಿಡಿದು ಎಬ್ಬಿಸಿದೆ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಕನ್ನೊಳ್ಳಿಗೆ ಕರೆತಂದೆ. ದಾರಿಯುದ್ದಕ್ಕೂ ಅವಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು.

ಇಪ್ಪತ್ತು ದಿನವೂ ಆಗಿರಲಿಲ್ಲ. ಒಂದು ಮುಂಜಾನೆ ಅವಳಿಗೆ ಬೇನೆ ಶುರುವಾಯಿತು. ತಾಲೂಕಿನ ಆಸ್ಪತ್ರೆಗೆ ಒಯ್ದೆವು. ಹೆಣ್ಣು ಕೂಸು. ಜೋಡಿಸಿದ ಎರಡು ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಡಾಕ್ಟರು, ನರ್ಸುಗಳು ಕೈಲಾದದ್ದೆಲ್ಲ ಮಾಡಿದರು. ಮರುದಿನ ಮಧ್ಯಾಹ್ನ ಹೋಯಿತು. ಮೂರು ತಿಂಗಳಿದ್ದಾಗಲೇ ಬಾ ಎಂದು ನಾನು ಅಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಅದನ್ನು ಹೇಳುವ ಗಣಿತ ನನಗೆ ಬರುವುದಿಲ್ಲ. ಅಂದಿರಲಿಲ್ಲ ಎಂಬುದು ಮಾತ್ರ ಗೊತ್ತು.

ಜೊತೆಗೆ ಬಂದಿದ್ದ ಕನ್ನೊಳ್ಳಿಯ ಆಶಾ ಕಾರ್ಯಕರ್ತೆ ಆಸ್ಪತ್ರೆಯ ಜಗುಲಿಯಲ್ಲಿ ಕೂತು ಪುಸ್ತಕ ಬಿಚ್ಚಿದಳು. ನಾನು ಅವಳ ಪಕ್ಕ ಕುಕ್ಕರಿಸಿ, “ಆಕಿ ಗಂಡನ ಊರ ಹೆಸರೂ ಬರಿ. ಹೊಟ್ಟ್ಯಾಗ ಇದ್ದದ್ದು ಅಲ್ಲಿ,” ಅಂದೆ.

“ಅದಕ್ಕ ಪುಸ್ತಕದಾಗ ಕಾಲಂ ಇಲ್ರಿ ಅಕ್ಕಾರ,” ಅಂದಳು. ಅವಳ ಕಣ್ಣಲ್ಲೂ ನೀರಿತ್ತು.

ಒಳಗೆ ಹೋದೆ. ಅಣ್ಣನ ಮಗಳು ಎಚ್ಚರವಾಗಿದ್ದಳು. ಅಳುತ್ತಾಳೆ, ಬೈಯುತ್ತಾಳೆ, ಮುಖಕ್ಕೆ ಉಗುಳುತ್ತಾಳೆ ಎಂದು ಸಿದ್ಧಳಾಗಿದ್ದೆ. ಅವಳು ನನ್ನ ಕೈ ಹಿಡಿದು ಒಂದೇ ಮಾತು ಕೇಳಿದಳು.

“ಇದನ್ನ ಎಲ್ಲಿ ಬರಕೊಂಡ್ರು ಅತ್ತಿ?”

“ಕನ್ನೊಳ್ಳ್ಯಾಗ,” ಅಂದೆ.

ಅವಳು ಕೈ ಬಿಟ್ಟು ಗೋಡೆಯ ಕಡೆ ಹೊರಳಿದಳು.