ಮೇಲಿನ ಹಲಗೆ, ಕೆಳಗಿನ ಹಲಗೆ

ಕುಳ್ಳಕ್ಕನ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಜಡೆ ಹೆಣೆದುಕೊಳ್ಳಲು ಆಗದೆ ಕೂದಲನ್ನು ಕುತ್ತಿಗೆಯ ತನಕ ಕತ್ತರಿಸಿಕೊಂಡಿದ್ದಳು. ತಲೆಯ ಮೇಲಿಂದ ಇಳಿಸುವ ಬಟ್ಟೆ ಬಿಟ್ಟು, ಮುಂದೆ ಗುಂಡಿ ಇರುವುದನ್ನೇ ಹಾಕುತ್ತಿದ್ದಳು. ಅಡುಗೆಮನೆಯ ಡಬ್ಬಗಳೆಲ್ಲ ಗೋಡೆಯಿಂದ ಇಳಿದು ಒಲೆಯ ಪಕ್ಕ ಒಂದರ ಮೈಮೇಲೊಂದು ನಿಂತಿದ್ದವು. ಇದು ಗಂಡನಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು. ಗೊತ್ತಾಗಬಾರದಿದ್ದದ್ದು ಒಂದೇ ಕಡೆ, ಅವಳು ಕೆಲಸಕ್ಕೆ ಹೋಗುತ್ತಿದ್ದ ಸೂಪರ್ ಮಾರ್ಕೆಟ್ಟಿನಲ್ಲಿ. ಅಲ್ಲಿ ಅವಳ ಕೆಲಸವೇ ರ‍್ಯಾಕುಗಳಿಗೆ ಸಾಮಾನು ಜೋಡಿಸುವುದು. ಒಂದೊಂದು ರ‍್ಯಾಕಿಗೆ ಐದು ಹಲಗೆ. ಐದನೆಯದು ಅವಳ ನೆತ್ತಿಯಿಂದ ಒಂದು ಮೊಳ ಮೇಲೆ.

ಮೊದಲೇ ಕುಳ್ಳಿ. ದೇವರು ಅವಳನ್ನು ಮಾಡುವಾಗ ಉದ್ದದ ವಿಷಯದಲ್ಲಿ ಕೈ ಬಿಗಿ ಹಿಡಿದಿದ್ದ. ಆದರೆ ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ತುದಿಗಾಲಲ್ಲಿ ನಿಂತು, ನಾಲಿಗೆ ಕಚ್ಚಿಕೊಂಡು, ಹೇಗೋ ಆ ಐದನೆಯ ಹಲಗೆಯನ್ನೂ ಮುಟ್ಟುತ್ತಿದ್ದಳು. ಆಮೇಲೆ ಭುಜ ಹಿಡಿದುಕೊಂಡಿತು. ಡಾಕ್ಟರು ಗೋಡೆಗೆ ಬೆರಳಿಟ್ಟು ದಿನಾ ಸ್ವಲ್ಪ ಸ್ವಲ್ಪ ಹತ್ತಿಸಿ ಎಂದರು. ಬೆರಳು ಒಂದು ಗೇಣು ಹತ್ತಿತು, ಅಲ್ಲೇ ಮುಷ್ಕರ ಹೂಡಿತು.

ಆ ಕಾಲಕ್ಕೆ ಕೆಲಸ ಉಳಿದದ್ದು ಏಣಿಯಣ್ಣನಿಂದ. ಅವನೂ ಅಲ್ಲೇ ಸಾಮಾನು ಜೋಡಿಸುವವನು. ಆರಡಿಗೆ ಇನ್ನೆರಡು ಬೆರಳು ಜಾಸ್ತಿ, ಕೈಗಳೋ ಹಗ್ಗದ ಹಾಗೆ ಉದ್ದ. ಮೇಲಿನ ಹಲಗೆಯ ಧೂಳನ್ನು ನಿಂತಲ್ಲೇ ಒರೆಸುವ ಆಸಾಮಿ. ಆದರೆ ಅವನ ಸೊಂಟ ಬಗ್ಗುತ್ತಿರಲಿಲ್ಲ. ಹಿಂದೆ ಗೋಡೌನೊಂದರಲ್ಲಿ ಮೂಟೆ ಹೊತ್ತು ಹೊತ್ತು ಕೀಲು ಸವೆದಿತ್ತು. ಕೂತರೆ ಏಳಲು ಏನನ್ನಾದರೂ ಹಿಡಿಯಬೇಕು, ಅಂಗಡಿಯಲ್ಲಿ ಹಿಡಿಯಲು ಸಿಗುವುದೆಲ್ಲ ಉರುಳುವ ಸಾಮಾನೇ.

ಇಬ್ಬರೂ ಕೂತು ಮಾತಾಡಿ ಒಪ್ಪಂದ ಮಾಡಿಕೊಂಡದ್ದೇನಲ್ಲ. ಒಂದು ಬೆಳಿಗ್ಗೆ ಕುಳ್ಳಕ್ಕ ಜಾಮಿನ ಬಾಕ್ಸನ್ನು ಹೊಟ್ಟೆಗೆ ಆನಿಸಿಕೊಂಡು ಮೇಲೆ ನೋಡುತ್ತ ನಿಂತಿದ್ದಳು. ಏಣಿಯಣ್ಣ ಏನೂ ಕೇಳದೆ ಬಾಕ್ಸನ್ನು ತೆಗೆದುಕೊಂಡು ಮೇಲಿಟ್ಟ. ಇವಳು ಅವನ ಓಣಿಗೆ ಹೋಗಿ, ಕೆಳಗಿನ ಹಲಗೆಗೆ ಉಪ್ಪಿನ ಪೊಟ್ಟಣ ತುಂಬಿದಳು. ರ‍್ಯಾಕುಗಳ ನಡುವಿನ ದಾರಿಯನ್ನು ಅವರೆಲ್ಲ ಓಣಿ ಎನ್ನುತ್ತಿದ್ದರು. ಅಂದಿನಿಂದ ಯಾವ ಓಣಿಯಾದರೂ ಸರಿ, ಮೇಲಿನೆರಡು ಹಲಗೆ ಅವನದು, ಕೆಳಗಿನೆರಡು ಇವಳದು, ನಡುವಿನದು ಯಾರ ಕೈ ಬಿಡುವಾಗಿದೆಯೋ ಅವರದು. ನಾವಿಬ್ಬರೂ ಸೇರಿದರೆ ಒಬ್ಬ ಪೂರ್ತಿ ಆಳು ಎಂದು ಏಣಿಯಣ್ಣ ಹೇಳುತ್ತಿದ್ದ. ಒಂದೂಕಾಲು ಅನ್ನಣ್ಣ, ಮಾತೆಲ್ಲ ನಾನೇ ಆಡ್ತೀನಲ್ಲ ಎಂದು ಇವಳು ಸೇರಿಸುತ್ತಿದ್ದಳು. ಹಳೆಯ ಮ್ಯಾನೇಜರಿಗೆ ಇದೆಲ್ಲ ಕಂಡಿತ್ತು, ಕಂಡರೂ ಕಾಣಲಿಲ್ಲ. ರ‍್ಯಾಕು ತುಂಬಿದರೆ ಸಾಕು, ಯಾರ ಕೈ ಎಲ್ಲಿಗೆ ಹೋಯಿತು ಎಂದು ಕೆದಕುವ ಜಾಯಮಾನ ಅವರದಲ್ಲ.

ಅವರಿಗೆ ವರ್ಗವಾಯಿತು. ಹೊಸಬರು ಬಂದರು.

ಹೊಸ ಮ್ಯಾನೇಜರು ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನಪಡಬಹುದಿತ್ತು. ಆದರೆ ಎಲ್ಲರನ್ನೂ ಅಮ್ಮ, ಅಣ್ಣ ಎಂದೇ ಮಾತಾಡಿಸುವ, ದನಿ ಏರಿಸದ ಮನುಷ್ಯ. ಒಬ್ಬೊಬ್ಬರಿಗೆ ಒಂದೊಂದು ಓಣಿ, ಅದರ ಪೂರ್ತಿ ಜವಾಬ್ದಾರಿ ಅವರದೇ, ಅಂಗಡಿ ಒಂಬತ್ತಕ್ಕೆ ತೆರೆದರೆ ಹತ್ತರೊಳಗೆ ಓಣಿ ತುಂಬಿ, ಫೋಟೋ ತೆಗೆದು ಕೆಲಸದವರ ಫೋನ್ ಗುಂಪಿಗೆ ಕಳಿಸಬೇಕು ಎಂದರು. ಕುಳ್ಳಕ್ಕನಿಗೆ ನಾಲ್ಕನೇ ಓಣಿ ಬಂತು. ಜಾಮು, ಜೇನು, ಸಾಸು, ಎಲ್ಲ ಗಾಜಿನ ಸಾಮಾನು. ಏಣಿಯಣ್ಣನಿಗೆ ಆರನೆಯದು. ಮೇಲೆ ಚಹಾ, ಬಿಸ್ಕತ್ತು, ಕೆಳಗೆ ಉಪ್ಪು, ಸಕ್ಕರೆ. ಓಣಿ ಬಿಟ್ಟು ಹೋದರೆ ಕ್ಯಾಮೆರಾದಲ್ಲಿ ಕಾಣುತ್ತದೆ ಎಂದೂ ನಯವಾಗಿಯೇ ತಿಳಿಸಿದರು.

ಕೆಲವು ದಿನ ಇಬ್ಬರೂ ಊಟದ ಹೊತ್ತಿನಲ್ಲಿ ಕದ್ದು ಓಣಿ ಬದಲಾಯಿಸಿಕೊಂಡರು. ಆಮೇಲೆ ಊಟದ ಹೊತ್ತೂ ಬೇರೆ ಬೇರೆಯಾಯಿತು. ಮೆಟ್ಟಿಲಿರುವ ಸ್ಟೂಲೊಂದು ಇತ್ತಲ್ಲ ಎಂದು ಕೇಳುವವರು ಕೇಳಬಹುದು. ಇತ್ತು. ಸ್ಟೂಲು ಕಾಲನ್ನು ಏರಿಸುತ್ತದೆ, ಭುಜವನ್ನು ಏರಿಸುವುದಿಲ್ಲ. ಎಡಗೈಯಲ್ಲಿ ಬಾಟಲಿ, ಹಿಡಿದುಕೊಳ್ಳಲು ಬಾರದ ಬಲಗೈ, ಕಾಲ ಕೆಳಗೆ ಅಲ್ಲಾಡುವ ಸ್ಟೂಲು. ಎರಡು ಸಲ ಹತ್ತಿದಳು, ಎರಡು ಸಲವೂ ಜೀವ ಬಾಯಿಗೆ ಬಂತು. ಮೂರನೆಯ ಸಲ ಹತ್ತಲಿಲ್ಲ. ನೆಲದ ಮೇಲೆ ತುದಿಗಾಲಲ್ಲಿ ನಿಂತರೆ ಎಡಗೈ ಹಲಗೆಯ ಅಂಚು ಮುಟ್ಟುತ್ತಿತ್ತು, ಬಾಟಲಿ ಹಿಡಿಯಲು ಬರುತ್ತಿರಲಿಲ್ಲ.

ಬದಲಿಗೆ ನೆಲ ಒರೆಸುವ ಕೋಲು ಹಿಡಿದಳು. ಕೋಲಿನ ತುದಿಯಿಂದ ಮೇಲಿನ ಹಲಗೆಯಲ್ಲಿ ಹಿಂದಿರುವ ಬಾಟಲಿಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು, ಅಂಚಿಗೆ ಸಾಲಾಗಿ ನಿಲ್ಲಿಸುವುದು. ಹಿಂದೆಲ್ಲ ಬಟಾಬಯಲು, ಮುಂದೆ ಮಾತ್ರ ಮದುವೆಮನೆಯ ಸಡಗರ. ಎದುರು ನಿಂತು ಫೋಟೋ ತೆಗೆದರೆ ಹಲಗೆ ತುಂಬಿ ತುಳುಕುತ್ತಿತ್ತು. ಒಂದು ದಿನ ಮ್ಯಾನೇಜರು ಅವಳ ಫೋಟೋವನ್ನೇ ಗುಂಪಿಗೆ ಮತ್ತೆ ಹಾಕಿ, ಎಲ್ಲರ ಓಣಿಯೂ ಹೀಗಿರಬೇಕು ಎಂದು ಬರೆದರು. ಕುಳ್ಳಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಹೋಗಿ ಊಟ ಮಾಡದೆ ಮಲಗಿದಳು.

ಸುಳ್ಳಿನ ಭಾರ ಬಾಕ್ಸಿನ ಭಾರಕ್ಕಿಂತ ಹೆಚ್ಚು ಸುಸ್ತು ಮಾಡಿತು. ಮೇಲಿನದನ್ನು ಕೊಡಿ ಎಂದ ಗಿರಾಕಿಗಳಿಗೆ ಅದು ತೋರಿಸಲು ಇಟ್ಟಿದ್ದು, ಸ್ಟಾಕು ಬಂದಿಲ್ಲ ಎನ್ನುತ್ತಿದ್ದಳು. ಉದ್ದ ಇರುವ ಗಿರಾಕಿ ಯಾರಾದರೂ ಹಾದು ಹೋದರೆ, ಅವರಿಗೇನೋ ಬೇಕಾಗಿದೆಯೆಂಬ ಹಾಗೆ ಹಿಂದೆ ಹಿಂದೆ ಹೋಗಿ, ಮಾತಿಗೆಳೆದು, ಬಾಟಲಿ ಇಳಿಸಿಕೊಳ್ಳುತ್ತಿದ್ದಳು. ಸಂಜೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾರದೆ ಸೀಟಿನ ಅಂಚಿಗೆ ಸೊಂಟ ಕೊಟ್ಟು ನಿಂತು, ನಾಳೆ ಯಾವ ಹಲಗೆ ಖಾಲಿಯಾಗುತ್ತದೆಂದು ಲೆಕ್ಕ ಹಾಕುತ್ತಿದ್ದಳು. ಬಸ್ ಡಿಪೋದಲ್ಲಿ ಟೈರಿನ ಕೆಲಸ ಮಾಡುತ್ತಿದ್ದ ಗಂಡ, ಸಾಕು ಬಿಡು ಎಂದು ಎರಡು ಮೂರು ಸಲ ಹೇಳಿದ. ಬಿಡುವುದು ಅವಳಿಗೆ ಬೇಕಿರಲಿಲ್ಲ. ಹನ್ನೆರಡು ವರ್ಷ ಅವಳು ಮನೆಯಿಂದ ಹೊರಗೆ ಒಬ್ಬ ವ್ಯಕ್ತಿಯಾಗಿದ್ದದ್ದು ಆ ಓಣಿಗಳಲ್ಲೇ.

ಅಂದು ಮಂಗಳವಾರ, ಹನ್ನೊಂದರ ಸುಮಾರು. ಕೋಲೂರಿಕೊಂಡು ಬರುವ ಟೀಚರಮ್ಮ ನಾಲ್ಕನೇ ಓಣಿಗೆ ಬಂದರು. ಶಾಲೆಯಿಂದ ನಿವೃತ್ತರಾದವರು, ಹಳೇ ಗಿರಾಕಿ, ಸಕ್ಕರೆ ಹಾಕದ ಜಾಮು ಒಂದನ್ನೇ ಕೊಳ್ಳುವವರು. ಅದು ಐದನೆಯ ಹಲಗೆಯಲ್ಲಿತ್ತು. ಅವರಿಗೆ ಸುಳ್ಳು ಹೇಳಲು ಕುಳ್ಳಕ್ಕನಿಗೆ ನಾಲಿಗೆ ಏಳಲಿಲ್ಲ. ಎರಡು ನಿಮಿಷ ಇರಿ, ಇಳಿಸಿಕೊಡುವವರನ್ನು ಕರೀತೀನಿ ಎಂದು ಆರನೇ ಓಣಿಗೆ ಓಡಿದಳು.

ಏಣಿಯಣ್ಣ ನೆಲದ ಮೇಲೆ ಕೂತಿದ್ದ. ರಟ್ಟು ಹಾಸಿಕೊಂಡು, ಉದ್ದನೆಯ ಕಾಲುಗಳನ್ನು ಓಣಿಯ ತುಂಬ ಚಾಚಿಕೊಂಡು, ಕೈಯಲ್ಲಿ ಒಂದು ಉಪ್ಪಿನ ಪೊಟ್ಟಣ. ಹಲಗೆ ತುಂಬಿಸಿ ಆಗಿತ್ತು, ಏಳಲು ಆಗಿರಲಿಲ್ಲ. ಯಾರಾದರೂ ದಾಟಿಕೊಂಡು ಹೋದರೆ ಪೊಟ್ಟಣದ ಮೇಲಿನ ತಾರೀಕು ಓದುವವನ ಹಾಗೆ ಮುಖ ಮಾಡುತ್ತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಎಷ್ಟೊತ್ತಾಯ್ತಣ್ಣ ಹೀಗೆ ಕೂತು?" ಎಂದಳು.

"ಏಳೆಂಟು ಗಿರಾಕಿ ಆಯ್ತು," ಎಂದ.

ಕುಳ್ಳಕ್ಕ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಡಭುಜ ಕೊಟ್ಟಳು. ಅವನು ಒಂದು ಕೈ ಅವಳ ಭುಜಕ್ಕೆ, ಇನ್ನೊಂದು ರ‍್ಯಾಕಿನ ಕಂಬಕ್ಕೆ ಕೊಟ್ಟು, ಹಲ್ಲು ಕಚ್ಚಿ, ಅರ್ಧ ಎದ್ದು, ಮತ್ತೆ ಕೂತು, ಕೊನೆಗೂ ಎದ್ದು ನಿಂತ. ಇಬ್ಬರೂ ಏದುಸಿರು ಬಿಡುತ್ತಿದ್ದರು. ಆಗಲೇ ನಾಲ್ಕನೇ ಓಣಿಯಲ್ಲಿ ಗಾಜು ಒಡೆದ ಸದ್ದಾಯಿತು. ಒಂದಲ್ಲ, ಒಂದರ ಹಿಂದೊಂದು.

ಟೀಚರಮ್ಮ ಕಾದು ಸಾಕಾಗಿ, ಊರುಗೋಲನ್ನು ತಿರುಗಿಸಿ ಹಿಡಿದು, ಅದರ ಕೊಕ್ಕೆಯಿಂದ ಬಾಟಲಿಯನ್ನು ಎಳೆದಿದ್ದರು. ಅಂಚಿನಲ್ಲಿ ತುದಿಗಾಲಲ್ಲಿ ನಿಂತಿದ್ದ ಸಾಲು ಒಂದನ್ನೊಂದು ತಳ್ಳಿಕೊಂಡು ನೆಲ ಕಂಡಿತ್ತು. ಅವರ ಬಟ್ಟೆಯ ಅಂಚೆಲ್ಲ ಕೆಂಪಾಗಿತ್ತು. ಕುಳ್ಳಕ್ಕ ರಕ್ತವೆಂದುಕೊಂಡು ಓಡಿದಳು. ಹತ್ತಿರ ಹೋಗಿ ನೋಡಿದಾಗ ಅದು ಜಾಮು, ರಕ್ತ ಹಿಮ್ಮಡಿಯಲ್ಲಿ ಒಂದು ಗೆರೆಯಷ್ಟು ಮಾತ್ರ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಕಾಲು ಒರೆಸುತ್ತಿರುವಾಗ ಮ್ಯಾನೇಜರು ಬಂದರು. ಏಣಿಯಣ್ಣನೂ ಕಾಲೆಳೆದುಕೊಂಡು ಬಂದು, ಅವಳ ಹಿಂದೆ ರ‍್ಯಾಕು ಹಿಡಿದು ನಿಂತ.

ಮ್ಯಾನೇಜರು ಮೊದಲು ಟೀಚರಮ್ಮನ ಕಾಲು ನೋಡಿದರು, ಆಮೇಲೆ ನೆಲ, ಆಮೇಲೆ ತಲೆಯೆತ್ತಿ ಐದನೆಯ ಹಲಗೆ. ಅಲ್ಲಿ ಏನೂ ಇರಲಿಲ್ಲ. ಮುಂದಿನ ಸಾಲು ಬಿದ್ದ ಮೇಲೆ ಹಿಂದೆ ತಗಡಿನ ಗೋಡೆ ಕಾಣುತ್ತಿತ್ತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, ನೀವು ಎಲ್ಲಿಗೆ ಹೋಗಿದ್ದಿರಿ ಅಮ್ಮ ಎಂದು ಕೇಳಿದರು.

ಏನು ಬೇಕಾದರೂ ಹೇಳಬಹುದಿತ್ತು. ಬಚ್ಚಲಿಗೆ ಹೋಗಿದ್ದೆ ಎಂದರೆ ಒಂದು ಎಚ್ಚರಿಕೆಯ ಕಾಗದದಲ್ಲಿ ಮುಗಿಯುತ್ತಿತ್ತೇನೋ. ನಾಳೆ ಮತ್ತೆ ಕೋಲು, ಮತ್ತೆ ಫೋಟೋ. ನಿಜ ಹೇಳಿದರೆ ಏಣಿಯಣ್ಣನ ಸೊಂಟವೂ ಬಯಲಿಗೆ ಬರುತ್ತದೆ. ಅವನ ಹೆಂಡತಿ ಹಾಸಿಗೆ ಹಿಡಿದು ಎಷ್ಟೋ ಕಾಲವಾಗಿದೆ, ಆ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಆ ಪುಣ್ಯಾತ್ಮ ಹಿಂದಿನಿಂದ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ತನ್ನ ಸೊಂಟದ ವಿಷಯ ಹೇಳಿಯೇಬಿಡುತ್ತಾನೆ, ಅವಳಿಗೆ ಗೊತ್ತು. ಅವನಿಗಿಂತ ಮೊದಲು ಬಾಯಿ ಬಿಟ್ಟಳು.

"ನಂಗೆ ಎಟುಕಲ್ಲ ಸಾರ್. ಕೈ ಮೇಲೆ ಏಳಲ್ಲ, ಮೂರು ವರ್ಷ ಆಯ್ತು. ಇಳಿಸಿಕೊಡೋಕೆ ಯಾರಾದ್ರೂ ಸಿಗ್ತಾರಾ ಅಂತ ಹುಡುಕ್ಕೊಂಡು ಹೋಗಿದ್ದೆ."

"ಮೂರು ವರ್ಷದಿಂದ ಮೇಲಿಂದೆಲ್ಲ ಯಾರು ತುಂಬ್ತಿದ್ರು?"

"ಈ ಅಣ್ಣ. ಅವರದ್ದು ಮುಗಿಸಿ ನಂದೂ ಮಾಡಿಕೊಡ್ತಿದ್ರು. ಅವರಿಗೇನು ಸಾರ್, ಗಟ್ಟಿ ಆಳು."

ಗಟ್ಟಿ ಆಳು ರ‍್ಯಾಕಿನ ಕಂಬವನ್ನು ಇನ್ನೂ ಬಿಟ್ಟಿರಲಿಲ್ಲ. ಕುಳ್ಳಕ್ಕ ತಿರುಗಿ ಅವನನ್ನು ಒಂದು ನೋಟ ನೋಡಿದಳು. ಅವನು ತೆರೆದ ಬಾಯಿ ಮುಚ್ಚಿಕೊಂಡು ನೆಲ ನೋಡಿದ. ಟೀಚರಮ್ಮ ಮಾತ್ರ ತಮ್ಮ ಕಾಲನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ನಿಂಗೂ ಎಟುಕಲ್ಲ ಅಂತ ಹೇಳಿದ್ರೆ ನಾನು ಜಾಮು ಬಿಟ್ಟು ಮನೆಗೆ ಹೋಗ್ತಿದ್ನಲ್ಲಮ್ಮ," ಎಂದರು.

ಮ್ಯಾನೇಜರು ಬೈಯಲಿಲ್ಲ. ಮೇಲಿನ ಕಚೇರಿಗೆ ಬರೆದರು, ಫೋನು ಮಾಡಿದರು, ಬಾಗಿಲಲ್ಲಿ ಗಿರಾಕಿಗಳ ಚೀಲ ಇಟ್ಟುಕೊಳ್ಳುವ ಕೆಲಸವನ್ನಾದರೂ ಇವಳಿಗೆ ಕೊಡಬಹುದೇ ಎಂದು ಕೇಳಿದರು. ಅಲ್ಲಿ ಜಾಗವಿರಲಿಲ್ಲ. ತಿಂಗಳ ಕೊನೆಗೆ ಕುಳ್ಳಕ್ಕ ಯೂನಿಫಾರ್ಮನ್ನು ಒಗೆದು, ಮಡಿಸಿ, ಕೌಂಟರಿನ ಮೇಲಿಟ್ಟು ಬಂದಳು. ಏಣಿಯಣ್ಣ ಗೇಟಿನ ತನಕ ಬಂದ. ನಾನೂ ಹೇಳಿಬಿಡಬೇಕಿತ್ತು ಎಂದು ಗೊಣಗಿದ.

"ಸುಮ್ನಿರಣ್ಣ," ಎಂದಳು. "ಇಬ್ಬರೂ ಮನೇಲಿ ಕೂತ್ರೆ ಯಾರಿಗೇನು ಬಂತು?"

ಮೊದಲ ಮೂರು ದಿನ ಮಲಗಿದಳು. ಮೈಯೆಲ್ಲ ಹಣ್ಣಾಗಿತ್ತು, ಹನ್ನೆರಡು ವರ್ಷದ ನಿದ್ದೆ ಬಾಕಿಯಿತ್ತು. ಗಂಡ ತಾನೇ ಅನ್ನ ಬಸಿದು ತಟ್ಟೆಗೆ ಹಾಕಿ ಎಬ್ಬಿಸುತ್ತಿದ್ದ. ನಾಲ್ಕನೆಯ ದಿನ ನಿದ್ದೆ ತೀರಿತು, ಸುಸ್ತು ತೀರಲಿಲ್ಲ. ಬೆಳಿಗ್ಗೆ ಎದ್ದು ಕೂತು ಗಡಿಯಾರ ನೋಡಿದಳು. ಈಗ ಬಾಗಿಲು ತೆಗೆಯುತ್ತಾರೆ, ಈಗ ಬಾಕ್ಸು ಬಿಚ್ಚುತ್ತಾರೆ, ಏಣಿಯಣ್ಣ ಈಗ ರಟ್ಟು ಹಾಸುತ್ತಾನೆ. ಮನೆಯಲ್ಲಿ ಏನೇನು ಮುಗಿದಿದೆ ಎಂದು ನೋಡಿ ಒಂದು ಚೀಟಿ ಬರೆದಳು. ಚಹಾಪುಡಿ, ಉಪ್ಪು, ಸೋಪು, ಎಲ್ಲ ಸೇರಿ ಏಳು ಸಾಮಾನಾಯಿತು. ಚೀಲ ಹಿಡಿದು ಹೊರಟಳು.

ಒಂಬತ್ತು ಗಂಟೆಗೆ ಬಾಗಿಲು ತೆರೆದಾಗ ಮೊದಲ ಗಿರಾಕಿ ಅವಳೇ. ಆರನೇ ಓಣಿಯಲ್ಲಿ ಮೇಲಿನ ಹಲಗೆಗಳು ಅಚ್ಚುಕಟ್ಟು, ಕೆಳಗಿನೆರಡು ಅರೆಬರೆ. ಉಪ್ಪಿನ ಬಾಕ್ಸು ಬಿಚ್ಚಿ ನೆಲದ ಮೇಲೆ ಇಟ್ಟಿತ್ತು, ಪಕ್ಕದಲ್ಲಿ ರಟ್ಟು. ಏಣಿಯಣ್ಣ ರಟ್ಟನ್ನು ನೋಡುತ್ತ ನಿಂತಿದ್ದ, ತಣ್ಣೀರಿಗೆ ಇಳಿಯಲು ಹೆದರುವವನ ಹಾಗೆ. ಕುಳ್ಳಕ್ಕ ಬುಟ್ಟಿಯನ್ನು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತಳು. ಒಂದು ಪೊಟ್ಟಣ ತೆಗೆದು ತಾರೀಕು ನೋಡಿದಳು, ಹಲಗೆಗೆ ಇಟ್ಟಳು. ಇನ್ನೊಂದು ತೆಗೆದಳು, ನೋಡಿದಳು, ಇಟ್ಟಳು. ಬೇಕಾದ್ದು ಸಿಗದ ಗಿರಾಕಿ ಎಷ್ಟು ಹೊತ್ತು ಹುಡುಕಿದರೂ ಯಾರೂ ಕೇಳುವುದಿಲ್ಲ.

ಏಣಿಯಣ್ಣನ ಕಣ್ಣು ಒದ್ದೆಯಾಗಿದ್ದನ್ನು ಅವಳು ನೋಡಿದಳು, ನೋಡದ ಹಾಗೆ ಇದ್ದಳು. ಅವನು ಹೋಗಿ ಐದನೆಯ ಹಲಗೆಯಿಂದ ಒಂದು ಚಹಾಪುಡಿ ಪೊಟ್ಟಣ ತೆಗೆದು ಅವಳ ಬುಟ್ಟಿಗೆ ಹಾಕಿದ. ಅವಳು ಕುಡಿಯುವುದು ಅದನ್ನೇ ಎಂದು ಅವನಿಗೆ ಗೊತ್ತಿತ್ತು.

ಹತ್ತಕ್ಕೆ ಐದು ನಿಮಿಷವಿರುವಾಗ ಮ್ಯಾನೇಜರು ಆ ಕಡೆ ಬಂದರು. ನೆಲದ ಮೇಲೆ ಕೂತಿದ್ದವಳನ್ನು ನೋಡಿದರು, ತುಂಬಿದ ಹಲಗೆ ನೋಡಿದರು, ನೆಟ್ಟಗೆ ನಿಂತಿದ್ದ ಏಣಿಯಣ್ಣನನ್ನು ತುಸು ಹೆಚ್ಚು ಹೊತ್ತೇ ನೋಡಿದರು.

"ಏನು ಬೇಕಿತ್ತಮ್ಮ?" ಎಂದರು.

"ಉಪ್ಪು ಸಾರ್," ಎಂದಳು. "ಹುಡುಕ್ತಾ ಇದ್ದೀನಿ."

ಅವಳ ಮುಂದೆ ನಲವತ್ತು ಪೊಟ್ಟಣ ಉಪ್ಪಿತ್ತು. ಮ್ಯಾನೇಜರು ನಿಧಾನವಾಗಿ ಹುಡುಕಿ ಎಂದು ಹೇಳಿ ಮುಂದಿನ ಓಣಿಗೆ ಹೋದರು. ಏಣಿಯಣ್ಣ ಫೋಟೋ ತೆಗೆದ.

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಚೀಲದೊಳಗೆ ಇಣುಕಿದ. ಒಂದೇ ಒಂದು ಪೊಟ್ಟಣ ಚಹಾಪುಡಿ. ಚೀಟಿಯಲ್ಲಿ ಏಳು ಸಾಮಾನಿತ್ತಲ್ಲ, ಉಪ್ಪಿಲ್ಲ, ಸೋಪಿಲ್ಲ, ಬೆಳಿಗ್ಗೆಯಿಂದ ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದ. ಕುಳ್ಳಕ್ಕ ಬಲಭುಜವನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ ಚೀಟಿಯನ್ನು ಮಡಿಸಿ ಡಬ್ಬದ ಕೆಳಗೆ ಇಟ್ಟಳು.

"ಇನ್ನೂ ಆರಿದೆ," ಎಂದಳು. "ದಿನಕ್ಕೊಂದು ತಂದ್ರಾಯ್ತು."