ತೊಂಬತ್ತೆಂಟು ಶನಿವಾರ

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಜ್ಞಾಪನದಮ್ಮ. ಯಾವ ಅಧ್ಯಾಪಕರು ಎಷ್ಟು ಲೇಖನ ಬರೆದರು, ಎಷ್ಟು ಕಾರ್ಯಾಗಾರ ನಡೆಸಿದರು ಎಂಬ ನಮೂನೆ ತುಂಬಿಸಿಕೊಂಡು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಸಿಗುವುದು ಬಿಡುವುದು ಆ ಅಂಕಿಗಳ ಮೇಲೇ ನಿಂತಿತ್ತು. ಆದರೆ ನಮೂನೆ ತಾನಾಗಿ ಬಂದ ದಾಖಲೆಯೇ ಇಲ್ಲ. ಹನ್ನೊಂದು ವರ್ಷದಿಂದ ಜ್ಞಾಪನಗಳನ್ನು ಹಿಡಿದು ಒಬ್ಬೊಬ್ಬರ ಬೆನ್ನು ಬಿದ್ದಿದ್ದಳು. ಅವಳ ಚಪ್ಪಲಿ ಸದ್ದು ಕೇಳಿದರೆ ಸಾಕು, ಘನ ವಿದ್ವಾಂಸರೆಲ್ಲ ತಲೆತಪ್ಪಿಸಿಕೊಳ್ಳುತ್ತಿದ್ದರು. ಒಬ್ಬರಂತೂ ಬೀರುವಿನ ಹಿಂದೆ ನಿಂತು "ನಾನಿಲ್ಲ" ಎಂದು ತಾವೇ ಹೇಳಿದ್ದುಂಟು.

"ಮಾಡಿದ್ದನ್ನ ನೆನಪಿಸೋಕೂ ಒಬ್ಬರು ಬೇಕಾ?" ಎಂದು ಮನೆಯಲ್ಲಿ ಅತ್ತೆ ಛೇಡಿಸುತ್ತಿದ್ದರು. "ನಾನು ನಿಮ್ಮ ಮಾವನಿಗೆ ನಲವತ್ತು ವರ್ಷ ಪುಕ್ಕಟೆ ಮಾಡಿದ್ದೀನಿ ಕಣೇ."

ತುಂಬಿ ಕೊಟ್ಟವರ ಕಥೆ ಇನ್ನೂ ಚೆನ್ನ. ಕಾರ್ಯಾಗಾರದ ಮೇಷ್ಟ್ರು ಎಂದೇ ಹೆಸರಾದವರೊಬ್ಬರು ಮೂರು ವರ್ಷದಲ್ಲಿ ನಲವತ್ತೆರಡು ಕಾರ್ಯಾಗಾರ ನಡೆಸಿದ್ದಾಗಿ ರೈಲು ಬಿಟ್ಟಿದ್ದರು. ಏಳಕ್ಕೆ ಫೋಟೊ ಲಗತ್ತಿಸಿದ್ದರು. ಏಳರಲ್ಲೂ ಎರಡನೇ ಸಾಲಿನ ಅದೇ ಮನುಷ್ಯ ಅದೇ ಆಕಳಿಕೆ ತೆಗೆಯುತ್ತಿದ್ದ. ಜ್ಞಾಪನದಮ್ಮ ಕಣ್ಣರಳಿಸಿ ನೋಡಿ, ಬಾಯಿ ಮುಚ್ಚಿಕೊಂಡು ಏರಿಸಿದಳು. ಅನುಮಾನ ಪಡುವ ಅಧಿಕಾರ ಅವಳ ಮೇಜಿಗೆ ಇರಲಿಲ್ಲ.

ಸಂಖ್ಯಾಶಾಸ್ತ್ರದ ಮೇಷ್ಟ್ರ ನಮೂನೆ ಮಾತ್ರ ಖಾಲಿ. ಆ ವಿಭಾಗಕ್ಕೆ ಇದ್ದವರೇ ಅವರೊಬ್ಬರು. "ಹೇಳಿಕೊಳ್ಳೋ ಅಂಥದ್ದು ಏನೂ ಇಲ್ಲಮ್ಮ," ಎಂದುಬಿಟ್ಟರು. ಊರಿಗೆಲ್ಲ ಅಂಕಿ ಕಲಿಸುವವರು ತಮ್ಮ ಸಾಲಿನಲ್ಲಿ ಸೊನ್ನೆ ಇಟ್ಟು ಕೂತಿದ್ದರು. ಮೂರು ವರ್ಷದಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚಿನ ನೆರವು ನೀಡಿದ ದಿನ ನೂರಾದರೂ ಇಲ್ಲದಿದ್ದರೆ ವಿಭಾಗವನ್ನೇ ಮುಚ್ಚಿ, ಅವರನ್ನು ದೂರದ ಶಾಖೆಗೆ ಕಳಿಸುವುದಾಗಿ ಕುಲಸಚಿವರು ಹೇಳಿದ್ದರು.

ಜ್ಞಾಪನದಮ್ಮ ಸಂಜೆ ಮನೆಯಲ್ಲಿ ಈ ವಿಷಯ ಎತ್ತಿದಳು. ಅವಳ ನಾದಿನಿ ಮೂರು ಸಲ ಡುಮ್ಕಿ ಹೊಡೆದು ನಾಲ್ಕನೇ ಸಲ ಪಾಸಾದದ್ದು ಆ ಮೇಷ್ಟ್ರಿಂದಲೇ. ಈಗ ಆಸ್ಪತ್ರೆಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದಳು.

"ಅತ್ತಿಗೆ, ಪ್ರತಿ ಶನಿವಾರ ಅವರ ಕೊಠಡಿ ತೆಗೆದಿರತ್ತಲ್ಲ! ಫೇಲಾದವರೆಲ್ಲ ಅಲ್ಲೇ ಕೂರ್ತಿದ್ವಿ. ಅದನ್ನ ಯಾಕೆ ಬರೆದಿಲ್ಲ?" ಎಂದಳು ನಾದಿನಿ.

ಬರೆಯಲು ಆಧಾರ ಬೇಕಲ್ಲ. ಮರುದಿನ ಜ್ಞಾಪನದಮ್ಮ ನೇರ ಹೋದದ್ದು ಬೀಗದಣ್ಣನ ಹತ್ತಿರ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತ ಈ ಕಾವಲುಗಾರ, ಕುಲಪತಿ ಬಂದರೂ ಸಹಿ ಮಾಡಿಸಿಕೊಳ್ಳದೆ ಬೀಗದ ಕೈ ಕೊಡುವ ಆಸಾಮಿಯಲ್ಲ. ಬೀಗದ ಕೈಯ ಅವನ ಸಹಿ ಪುಸ್ತಕದಲ್ಲಿ ಮೂರು ವರ್ಷದ ಸಾಲುಗಳನ್ನು ಅವಳು ಮೂರು ದಿನ ಕೂತು ಎಣಿಸಿದಳು. ಸಂಖ್ಯಾಶಾಸ್ತ್ರದ ಕೊಠಡಿ ಶನಿವಾರ ತೆರೆದದ್ದು ನೂರಾ ಒಂದು ಸಲ! ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮೂನೆ ತುಂಬಿ ಸಹಿಗೆ ಕಳಿಸಿದಳು.

ಸಂಜೆಗೆ ಮೇಷ್ಟ್ರು ತಾವೇ ನಮೂನೆ ಹಿಡಿದು ಬಂದರು. ಹನ್ನೊಂದು ವರ್ಷದಲ್ಲಿ ಅಧ್ಯಾಪಕರೊಬ್ಬರು ಕರೆಯದೆ ಅವಳ ಮೇಜಿಗೆ ಬಂದದ್ದು ಅದೇ ಮೊದಲು.

"ಇದರಲ್ಲಿ ಮೂರು ಕಡಿಮೆ ಮಾಡಮ್ಮ. ಮೂರು ಶನಿವಾರ ಯಾರೂ ಬರಲಿಲ್ಲ. ನಾನೊಬ್ಬನೇ ಕೂತು ಬೀಗ ಹಾಕ್ಕೊಂಡು ಹೋದೆ."

"ಸಾರ್, ತೊಂಬತ್ತೆಂಟಾದ್ರೆ ವಿಭಾಗ ಮುಚ್ತಾರೆ! ನಿಮ್ಮನ್ನ ಎಲ್ಲಿಗೋ ಎತ್ತಿಹಾಕ್ತಾರೆ!"

"ಗೊತ್ತು. ಅಂಕಿ ಕಲಿಸೋ ನಾನೇ ಸುಳ್ಳು ಅಂಕಿ ಬರೆದರೆ ಹೇಗಮ್ಮ?"

ಅವಳಿಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಕೆಂಪು ಶಾಯಿಯಲ್ಲಿ ನೂರಾ ಒಂದನ್ನು ಹೊಡೆದುಹಾಕಿ, ಹಾಳೆ ಹರಿಯುವಷ್ಟು ಒತ್ತಿ ತೊಂಬತ್ತೆಂಟು ಎಂದು ಬರೆದಳು. ಅವರು ಪಕ್ಕದಲ್ಲಿ ನೆಮ್ಮದಿಯಾಗಿ ಸಹಿ ಹಾಕಿದರು.

ಪರಿಶೀಲನಾ ತಂಡ ಬಂದದ್ದೂ ಒಂದು ಶನಿವಾರ. ಅಧ್ಯಾಪಕರೆಲ್ಲ ಮದುವೆ ಗಂಡಿನ ಹಾಗೆ ಸಿಂಗರಿಸಿಕೊಂಡು ಸಭಾಂಗಣದಲ್ಲಿ ಸಾಲಾಗಿ ಕೂತಿದ್ದರು. ತಂಡದ ಮುಖ್ಯಸ್ಥೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹಿರಿಯಾಕೆ, ಕಡತ ತಿರುವುತ್ತಾ ಕೆಂಪು ಶಾಯಿಯ ಹತ್ತಿರ ನಿಂತರು.

"ಇದೇನು ತಿದ್ದುಪಡಿ?"

ಕುಲಸಚಿವರು ಜ್ಞಾಪನದಮ್ಮನನ್ನು ನುಂಗುವ ಹಾಗೆ ನೋಡಿದರು. ಅವಳು ಬೀಗದ ಕೈ ಪುಸ್ತಕದಿಂದ ಹಿಡಿದು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ," ಎಂದರು ಹಿರಿಯಾಕೆ. "ಅಂಕಿ ಕಡಿಮೆ ಮಾಡಿ ಅಂದೋರನ್ನ ನೋಡಿರಲಿಲ್ಲ. ಎಲ್ಲಿ ಅವರು? ಇವತ್ತು ಬಂದಿಲ್ವಾ?"

"ಇವತ್ತು ಶನಿವಾರ ಅಲ್ವಾ, ಮೇಡಂ," ಎಂದಳು ಜ್ಞಾಪನದಮ್ಮ.

ಹಿರಿಯಾಕೆ ಎದ್ದು ಹೋಗಿ, ಸಂಖ್ಯಾಶಾಸ್ತ್ರದ ಕೊಠಡಿಯ ಕೊನೇ ಬೆಂಚಿನಲ್ಲಿ ಫೇಲಾದವರ ಜೊತೆ ಅರ್ಧ ಗಂಟೆ ಕೂತು ಬಂದರು. "ಈ ವಿಭಾಗ ಉಳೀಬೇಕು, ಇನ್ನೊಬ್ಬ ಅಧ್ಯಾಪಕರನ್ನೂ ಕೊಡಬೇಕು" ಎಂದು ಅಲ್ಲೇ ಷರಾ ಬರೆದರು. ಜ್ಞಾಪನದಮ್ಮನ ಕಣ್ಣು ತುಂಬಿಬಂತು. ಆಮೇಲೆ ಹಿರಿಯಾಕೆ ಕನ್ನಡಕ ಏರಿಸಿ, "ಊಟ ಆದ ಮೇಲೆ ಆ ಬೀಗದ ಕೈ ಪುಸ್ತಕ ತರಿಸಿ. ಮಿಕ್ಕವರದ್ದೂ ನೋಡೋಣ," ಎಂದರು.

ಅವತ್ತು ಯಾರೂ ಊಟದ ಕಡೆ ಹೋಗಲಿಲ್ಲ. ಹತ್ತೇ ನಿಮಿಷದಲ್ಲಿ ಜ್ಞಾಪನದಮ್ಮನ ಕೊಠಡಿಯ ಮುಂದೆ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಎಲ್ಲರ ಕೈಯಲ್ಲೂ ಕೆಂಪು ಪೆನ್ನು. ಮುಂದೆ ನಿಂತವರು ಕಾರ್ಯಾಗಾರದ ಮೇಷ್ಟ್ರೇ.

"ಮೇಡಂ, ಒಂದೇ ನಿಮಿಷ! ನಲವತ್ತೆರಡಿದೆಯಲ್ಲ, ಅದನ್ನ ಆರು ಮಾಡ್ಕೊಡಿ. ಬೇಡ, ನಾಲ್ಕೇ ಮಾಡಿ... ಮೇಡಂ? ಒಳಗಿದ್ದೀರಾ?"

ಬೀರುವಿನ ಹಿಂದಿನಿಂದ ಉತ್ತರ ಬಂತು: "ನಾನಿಲ್ಲ."